ಅಪ್ಪನ ಜೊತೆ ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್ ಹಿಡಿಯೋಕೆ ಹೋಗಬೇಕು, ಮೇ ತಿಂಗಳು ಸರಿ ಹೋಗುತ್ತಾ?

ತುಂಗೆತೀರ:
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು, ಈಗ ಬೆಂಗಳೂರಲ್ಲಿ ಕೆಲಸ. ಅಪ್ಪನಿಗೆ 67 ವರ್ಷ. ಚಿಕ್ಕಂದಿನಿಂದ ಗಾಳ ಹಿಡಿದ ಕೈ ಅದು. ಮಳೆ ಹಿಡಿದ ಮೊದಲ ವಾರ ಹತ್ತುಮೀನು, ಅಂದರೆ ಮೊಟ್ಟೆ ಇಡಲು ಹಳ್ಳ ಹತ್ತಿ ಬರುವ ಮೀನು, ಹತ್ತುವಾಗ ಕಂಬಳಿ ಕೊಪ್ಪೆ ಹಾಕಿಕೊಂಡು, ಬ್ಯಾಟರಿ ಹಿಡಿದು ರಾತ್ರಿ ಹಳ್ಳಕ್ಕೆ ಹೋಗುತ್ತಿದ್ದರು. ನಾನೂ ಹಿಂದೆ ಹಿಂದೆ ಹೋಗುತ್ತಿದ್ದೆ. ಈಚೆಗೆ ಮೊಬೈಲಲ್ಲಿ ಯಾರೋ ಹಿಮಾಚಲದಲ್ಲಿ ಟ್ರೌಟ್ ಅನ್ನುವ ತಣ್ಣೀರಿನ ಮೀನು ಹಿಡಿಯುವ ವೀಡಿಯೊ ನೋಡಿದ್ದಾರೆ. ಆವತ್ತಿಂದ ಅದೇ ಮಾತು. ಇಷ್ಟು ತಿಳಿ ನೀರಲ್ಲಿ, ತಳದ ಕಲ್ಲು ಕಾಣುವ ಹೊಳೆಯಲ್ಲಿ ಮೀನು ಗಾಳ ಕಚ್ಚುವುದು ಹೇಗೆ, ಅದಕ್ಕೆ ನಾವು ಕಾಣುವುದಿಲ್ಲವಾ ಅಂತ.

ಕರೆದುಕೊಂಡು ಹೋಗಲೇಬೇಕು ಅಂತ ತೀರ್ಮಾನ ಮಾಡಿದ್ದೇನೆ. ಅಪ್ಪ, ನಾನು, ನನ್ನ ಗಂಡ, 11 ವರ್ಷದ ಮಗ, ನಾಲ್ಕು ಜನ. ಸದ್ಯದ ಲೆಕ್ಕ: ಮೇ 15ರಿಂದ 24. ಎರಡು ದಿನ ಮನಾಲಿ, ಮೂರು ದಿನ ತೀರ್ಥನ್ ಕಣಿವೆ, ಆಮೇಲೆ ಯಾವುದಾದರೂ ಬೆಟ್ಟದ ಮೇಲಿನ ಸರೋವರ. ಫೋನಲ್ಲಿ ವಿಚಾರಿಸಿದ ಒಬ್ಬ ಟೂರ್‌ನವರು ಲೈಸೆನ್ಸ್ ಗೀಸೆನ್ಸ್ ಏನೂ ಬೇಡ, ನಾವು ನೋಡಿಕೊಳ್ಳುತ್ತೇವೆ ಅಂದರು. ಅದು ಸರಿ ಅನ್ನಿಸಲಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ. ಮೇ ತಿಂಗಳು ಸರಿನಾ? ಏನೇನು ಸಾಮಾನು ಬೇಕು? ಅಪ್ಪನಿಗೆ ಮಂಡಿ ನೋವಿದೆ, ಜಾಸ್ತಿ ಹತ್ತೋಕಾಗಲ್ಲ.

ಹಿಮದಹಾದಿ:
ಮೇಡಂ, ಮೊದಲು ಆ ಟೂರ್‌ನವರನ್ನು ಬಿಟ್ಟುಬಿಡಿ. ಹಿಮಾಚಲದಲ್ಲಿ ಟ್ರೌಟ್ ಇರುವ ಹೊಳೆಗೆ ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕೇ ಬೇಕು. ದಿನದ ಲೆಕ್ಕದಲ್ಲಿ ಕೊಡುತ್ತಾರೆ. ತೀರ್ಥನ್ ಕಡೆ ಹೋದರೆ ನೀವು ಉಳಿಯುವ ಹೋಮ್‌ಸ್ಟೇಯವರೇ ಎಲ್ಲಿ ಮಾಡಿಸಬೇಕು ಅಂತ ತೋರಿಸುತ್ತಾರೆ. ಚೀಟಿ ಜೇಬಲ್ಲಿರಲಿ, ಕಾವಲಿನವರು ಬಂದು ಕೇಳುತ್ತಾರೆ. ಎಷ್ಟು ಮೀನು ಇಟ್ಟುಕೊಳ್ಳಬಹುದು, ಎಷ್ಟು ಉದ್ದದ್ದನ್ನು ವಾಪಸ್ ಬಿಡಬೇಕು ಅನ್ನುವುದಕ್ಕೂ ನಿಯಮ ಇದೆ. ಲೈಸೆನ್ಸ್ ತಗೊಳ್ಳುವಾಗಲೇ ಕೇಳಿ ಬರೆದುಕೊಳ್ಳಿ. ನವೆಂಬರ್ 1ರಿಂದ ಫೆಬ್ರವರಿ ಕೊನೆವರೆಗೆ ಪೂರ್ತಿ ಬಂದ್. ಅದು ಕಂದು ಟ್ರೌಟ್ ಮೊಟ್ಟೆ ಇಡುವ ಕಾಲ.

ಈಗ ಮೇ ವಿಷಯ. ನಾನು ಎರಡು ಸಲ ಮೇ ಮೂರನೇ ವಾರ ಹೋಗಿದ್ದೇನೆ, ಎರಡು ಸಲವೂ ಬೇಜಾರಾಗಿ ಬಂದಿದ್ದೇನೆ. ಕಾರಣ ಹಿಮ. ನಮ್ಮ ಕಡೆ ಬೇಸಿಗೆ ಅಂದರೆ ಹೊಳೆ ಬತ್ತುವ ಕಾಲ, ಅಲ್ವಾ? ಅಲ್ಲಿ ಉಲ್ಟಾ. ಬಿಸಿಲು ಏರಿದ ಹಾಗೆ ಮೇಲಿನ ಹಿಮ ಕರಗಿ ಹೊಳೆ ತುಂಬುತ್ತದೆ. ಮೇ, ಜೂನ್‌ನಲ್ಲಿ ನೀರು ಬೂದಿ ಕಲಸಿದ ಹಾಗೆ ಇರುತ್ತದೆ, ಸೆಳೆತ ಜೋರು. ಟ್ರೌಟ್ ಕಣ್ಣಿನಿಂದ ಬೇಟೆ ಮಾಡುವ ಮೀನು. ಕಾಣದಿದ್ದರೆ ಕಚ್ಚುವುದಿಲ್ಲ. ಜುಲೈ, ಆಗಸ್ಟ್ ಅಂತೂ ಬೇಡವೇ ಬೇಡ. 2023ರ ಜುಲೈಯಲ್ಲಿ ಬಿಯಾಸ್ ನದಿ ಉಕ್ಕಿ ರಸ್ತೆ, ಸೇತುವೆ ಎಲ್ಲ ಕೊಚ್ಚಿಕೊಂಡು ಹೋಗಿದ್ದನ್ನು ಟಿವಿಯಲ್ಲಿ ನೀವೂ ನೋಡಿರುತ್ತೀರಿ.

ಒಳ್ಳೆ ಕಾಲ ಎರಡೇ. ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಮೇ ತಪ್ಪಿಸೋಕೆ ಆಗೋದೇ ಇಲ್ಲ ಅಂದರೆ ಬೆಳಗ್ಗೆ ಐದೂವರೆಗೆ ಹೊಳೆ ಹತ್ತಿರ ಇರಿ. ರಾತ್ರಿ ಮೇಲೆ ಚಳಿಗೆ ಹಿಮ ಕರಗುವುದು ಕಡಿಮೆಯಾಗಿ ಬೆಳಗ್ಗೆ ನೀರು ಸ್ವಲ್ಪ ಇಳಿದಿರುತ್ತದೆ. ಹತ್ತು ಗಂಟೆ ದಾಟಿದ ಮೇಲೆ ಗಾಳ ಸುತ್ತಿ ಇಡಿ.

ಕೊಡಗಿನಗಾಳ:
ಹಿಮದಹಾದಿ ಹೇಳಿದ್ದು ನೂರಕ್ಕೆ ನೂರು ಸತ್ಯ. ಒಂದು ಮಾತು ಸೇರಿಸುತ್ತೇನೆ. ಮನಾಲಿಯ ಎರಡು ದಿನ ತೆಗೆದು ತೀರ್ಥನ್‌ಗೇ ಕೊಡಿ. ಟ್ರೌಟ್‌ಗೆ ಮೂರು ದಿನ ಸಾಲದು. ಮೊದಲ ದಿನ ಹೊಳೆ ಓದುವುದಕ್ಕೇ ಹೋಗುತ್ತದೆ.

ನಾನು ಕಾವೇರಿಯಲ್ಲಿ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ, ಗಾಳ ಹಾಕಿ ಬೆಳೆದವನು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕಳಿ ಕ್ಯಾಂಪ್‌ಗಳಲ್ಲಿ ಹಿಡಿದು ಬಿಡುವ ಪದ್ಧತಿ ಇದ್ದ ಕಾಲ ನೋಡಿದ್ದೇನೆ. ಅಭಯಾರಣ್ಯದೊಳಗೆ ಅದು ನಿಂತ ಮೇಲೆ ಉತ್ತರದ ಕಡೆ ತಿರುಗಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ 120 ಪೌಂಡಿನ ಮಹಶೀರ್ ಹಿಡಿದ ಕಥೆ ಕೇಳಿ ಬೆಳೆದ ನಮ್ಮಂಥವರಿಗೆ ಅಂಗೈಯಷ್ಟು ಉದ್ದದ ಟ್ರೌಟ್ ಮೊದಲು ತೀರ ಚಿಕ್ಕದು ಅನ್ನಿಸುತ್ತದೆ. ಎರಡನೇ ದಿನಕ್ಕೆ ಹಾಗೆ ಅನ್ನಿಸುವುದಿಲ್ಲ. ಕಾವೇರಿಯಲ್ಲಿ ರಾಗಿ ಮುದ್ದೆ ಉಂಡೆ ಕಟ್ಟಿ, ಭಾರ ಹಾಕಿ, ಬಂಡೆ ಮೇಲೆ ಕೂತು ಮೀನು ಬರಲಿ ಅಂತ ಕಾಯುತ್ತಿದ್ದೆವು. ಇಲ್ಲಿ ಮೀನು ಎಲ್ಲಿದೆ ಅಂತ ನೀವೇ ಹುಡುಕಿಕೊಂಡು ನಡೆಯಬೇಕು. ಅದೇ ವ್ಯತ್ಯಾಸ.

ತುಂಗೆತೀರ:
ತುಂಬ ಥ್ಯಾಂಕ್ಸ್ ಇಬ್ಬರಿಗೂ. ಅಪ್ಪನಿಗೆ ಓದಿ ಹೇಳಿದೆ. "ಕೆಂಪು ನೀರಲ್ಲೇ ಮೀನು ಹತ್ತುವುದು, ಇದೇನು ತಿಳಿ ನೀರಿಗೆ ಕಾಯಬೇಕು ಅಂತಾರೆ" ಅಂದರು. ಮಗನಿಗೆ ದಸರಾ ರಜೆ ಇರುತ್ತದೆ. ಆಗ ಹೋದರೆ? ಅಕ್ಟೋಬರ್‌ನಲ್ಲಿ ಚಳಿ ಹೇಗೆ?

ಹಿಮದಹಾದಿ:
ಅಪ್ಪನ ಪ್ರಶ್ನೆ ಬಹಳ ಒಳ್ಳೆಯದು. ನಮ್ಮ ಹತ್ತುಮೀನು ಮೊಟ್ಟೆ ಇಡಲು ಮೊದಲ ಮಳೆಗೆ ಮೇಲೆ ಹತ್ತುತ್ತದೆ, ಗದ್ದೆಯಲ್ಲಿ ಹೊಸ ನೀರು ನಿಂತಿರುತ್ತದೆ ಅಂತ. ಕಂದು ಟ್ರೌಟ್ ಕೂಡ ಹತ್ತುತ್ತದೆ, ಆದರೆ ಮಳೆಗಾಲ ಮುಗಿದ ಮೇಲೆ, ಚಳಿಗೆ. ಹೆಣ್ಣು ಮೀನು ಸಣ್ಣ ಜಲ್ಲಿ ಇರುವ ಕಡೆ ಬಾಲದಿಂದ ಕೆದಕಿ ಗುಳಿ ಮಾಡಿ, ಮೊಟ್ಟೆ ಇಟ್ಟು, ಮೇಲೆ ಜಲ್ಲಿ ಮುಚ್ಚುತ್ತದೆ. ತಣ್ಣನೆಯ ತಿಳಿ ನೀರು ಆ ಜಲ್ಲಿ ಸಂದಿನಲ್ಲಿ ಹರಿಯುತ್ತಿದ್ದರೆ ಮಾತ್ರ ಮೊಟ್ಟೆ ಉಳಿಯುತ್ತದೆ. ಕೆಸರು ಕೂತರೆ ಉಸಿರುಗಟ್ಟಿ ಸಾಯುತ್ತದೆ.

ದಸರಾ ರಜೆ ಬಹಳ ಸರಿಯಾದ ಸಮಯ. ಆದರೆ ಒಂದು ಎಚ್ಚರ. ನಮ್ಮ ಮೈಸೂರು ದಸರಾ ಮುಗಿಯುವ ವಿಜಯದಶಮಿ ದಿನವೇ ಕುಲ್ಲು ದಸರಾ ಶುರು. ಏಳು ದಿನ ನಡೆಯುತ್ತದೆ. ಕಣಿವೆಯ ದೇವರುಗಳೆಲ್ಲ ಪಲ್ಲಕ್ಕಿಯಲ್ಲಿ ಕುಲ್ಲುಗೆ ಬರುತ್ತಾರೆ. ರಸ್ತೆ ತುಂಬ, ಕುಲ್ಲು ಪೇಟೆಯಲ್ಲಿ ರೂಮು ಸಿಗಲ್ಲ. ತೀರ್ಥನ್ ಕಡೆ ಅಷ್ಟು ತೊಂದರೆ ಇಲ್ಲ, ಕುಲ್ಲುವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಬೆಂಗಳೂರಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಕಾರು. ಮಂಡಿ ಪಟ್ಟಣ ದಾಟಿ ಔಟ್ ಅನ್ನುವ ಊರು ಬರುತ್ತದೆ. ಅಲ್ಲಿ ಉದ್ದದ ಸುರಂಗ ಇದೆ, ಮನಾಲಿ ಗಾಡಿಗಳೆಲ್ಲ ಅದರೊಳಗೆ ಹೋಗುತ್ತವೆ. ನೀವು ಹೋಗಬೇಡಿ. ಸುರಂಗಕ್ಕೆ ಮೊದಲೇ ಲಾರ್ಜಿ ಕಡೆ ತಿರುಗಿ. ಬಂಜಾರ್, ನಾಗ್ನಿ, ಗುಶೈನಿ, ಹೀಗೆ ಹೊಳೆ ಪಕ್ಕದಲ್ಲೇ ರಸ್ತೆ ಏರುತ್ತದೆ. ಗುಶೈನಿ ಹತ್ತಿರ ಉಳಿದರೆ ಅಪ್ಪನ ಮಂಡಿಗೂ ಕಷ್ಟ ಇಲ್ಲ, ಮನೆ ಅಂಗಳದಿಂದ ನೀರಿಗೆ ಇಳಿಯಬಹುದಾದ ಜಾಗಗಳಿವೆ.

ಬೆಳಗ್ಗೆ ಸಂಜೆ ಸ್ವೆಟರ್, ಟೊಪ್ಪಿ ಬೇಕು. ಮಧ್ಯಾಹ್ನ ಒಳ್ಳೆ ಬಿಸಿಲು. ಚಳಿಗಾಲ ಹತ್ತಿರ ಬಂದಾಗ ಬೆಳಗಿನ ಜಾವಕ್ಕಿಂತ ಹತ್ತರಿಂದ ಮೂರು ಗಂಟೆ ಒಳಗೇ ಮೀನು ಚುರುಕು. ನೀರು 10ರಿಂದ 16 ಡಿಗ್ರಿ ಇದ್ದರೆ ಟ್ರೌಟ್‌ಗೆ ಹಸಿವು ಚೆನ್ನಾಗಿರುತ್ತದೆ. 20 ದಾಟಿದರೆ ಅದಕ್ಕೆ ಉಸಿರಾಡುವುದೇ ಕಷ್ಟ. ಅದಕ್ಕೇ ಈ ಮೀನು ನಮ್ಮ ತುಂಗೆಯಲ್ಲಿ ಬದುಕೋದಿಲ್ಲ.

ಘಟ್ಟದಾಚೆ:
ಸರೋವರದ ವಿಷಯ ಯಾರೂ ಹೇಳಲಿಲ್ಲ. ತೀರ್ಥನ್ ಹತ್ತಿರ ಜಲೋರಿ ಪಾಸ್ ಅನ್ನುವ ಬೆಟ್ಟದ ದಾರಿಯಿಂದ ಐದು ಕಿಲೋಮೀಟರ್ ನಡೆದರೆ ಸೆರೋಲ್ಸರ್ ಅಂತ ಸರೋವರ ಇದೆ. ಜಾಗ ಚೆಂದ. ಅಲ್ಲಿ ಗಾಳ ಹಾಕಬಹುದಾ?

ಹಿಮದಹಾದಿ:
ಬೇಡ. ದಯವಿಟ್ಟು ಬೇಡ. ಅದು ಬೂಢಿ ನಾಗಿನ್ ದೇವಿಯ ಸರೋವರ. ದಡದಲ್ಲಿ ಗುಡಿ ಇದೆ, ಜನ ತುಪ್ಪ ತಂದು ಒಪ್ಪಿಸುತ್ತಾರೆ. ನೀರಿನ ಮೇಲೆ ಒಂದು ಎಲೆ ಬಿದ್ದರೂ ಹಕ್ಕಿ ಬಂದು ಎತ್ತಿಕೊಂಡು ಹೋಗುತ್ತದೆ ಅಂತ ನಂಬಿಕೆ. ಮಂಡಿ ಹತ್ತಿರದ ಪರಾಶರ ಸರೋವರವೂ ಹಾಗೇ, ದೇವರ ನೀರು. ಶೃಂಗೇರಿಯಲ್ಲಿ ಮಠದ ಮುಂದಿನ ಮೀನಿಗೆ ನಾವು ಮಂಡಕ್ಕಿ ಹಾಕುತ್ತೇವೆ, ಗಾಳ ಹಾಕುತ್ತೇವಾ? ಶಿಶಿಲದಲ್ಲಿ? ಅಷ್ಟೇ. ನೋಡಿ, ಕೈ ಮುಗಿದು ಬನ್ನಿ.

ಟ್ರೌಟ್ ಇರುವ ಎತ್ತರದ ಸರೋವರ ಬೇಕು ಅಂದರೆ ಕಾಶ್ಮೀರ. ವಿಶನ್‌ಸರ್, ಕಿಶನ್‌ಸರ್, ಗಂಗಾಬಲ್. ಅದಕ್ಕೂ ಲೈಸೆನ್ಸ್ ಬೇಕು. ಆದರೆ ಅದು ಡೇರೆ ಹೊತ್ತು ಒಂದು ವಾರ ನಡೆಯುವ ದಾರಿ, ಮಧ್ಯೆ 4,000 ಮೀಟರ್ ದಾಟುವ ಪಾಸ್ ಇದೆ. ಅಪ್ಪನ ಮಂಡಿಗೆ ಆಗುವ ಮಾತಲ್ಲ.

ಡೆನ್ವರ್‌ಕನ್ನಡಿಗ:
ನಾನಿರುವುದು ಕೊಲೊರಾಡೊದಲ್ಲಿ, ಊರು ದಾವಣಗೆರೆ. ಇಲ್ಲಿ ಬೆಟ್ಟದ ಸರೋವರಗಳಲ್ಲಿ ಹತ್ತು ವರ್ಷದಿಂದ ಟ್ರೌಟ್ ಹಿಡಿಯುತ್ತಿದ್ದೇನೆ. ಕಾಲದ ಲೆಕ್ಕ ಇಲ್ಲಿಯೂ ಅದೇ. ಮೇ ಕೊನೆ, ಜೂನ್‌ನಲ್ಲಿ ಹಿಮ ಕರಗಿ ಹೊಳೆಗಳು ಕದಡಿರುತ್ತವೆ. ಆಗ ನಾವು ಕೆಳಗಿನ ಸರೋವರಕ್ಕೆ ಹೋಗುತ್ತೇವೆ. 11,000 ಅಡಿ ಮೇಲಿನವು ಜೂನ್ ಕೊನೆಗೆ, ಕೆಲವು ಜುಲೈಗೆ ಮಂಜುಗಡ್ಡೆ ಬಿಡುತ್ತವೆ. ಮುಂದೆ ಯಾರಾದರೂ ಕಾಶ್ಮೀರದ ಸರೋವರಕ್ಕೆ ಹೋದರೆ ನೆನಪಿರಲಿ ಅಂತ ಹೇಳುತ್ತೇನೆ: ಸರೋವರದ ನಡುವಿಗೆ ದೂರ ಎಸೆಯುವ ಆಸೆ ಬಿಡಿ. ಮೀನು ಇರುವುದು ಅಂಚಿನಲ್ಲಿ. ತೊರೆ ಬಂದು ಸೇರುವ ಬಾಯಿ, ನೀರು ಹೊರಗೆ ಹೋಗುವ ಬಾಯಿ, ತಿಳಿ ಹಸಿರು ಬಣ್ಣ ಹೋಗಿ ದಟ್ಟ ನೀಲಿ ಆಗುವ ಗೆರೆ. ಮೊದಲು ಕಲ್ಲಿನ ಹಿಂದೆ ಕೂತು ಹತ್ತು ನಿಮಿಷ ಸುಮ್ನೆ ನೋಡಿ. ದಡದ ಗುಂಟ ಸುತ್ತು ಹೊಡೆಯುವ ಮೀನು ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಅದು ಬರುವ ಮೊದಲೇ ಗಾಳ ನೀರಲ್ಲಿರಬೇಕು. ತಲೆ ಮೇಲೆ ಎಸೆದರೆ ಹೋಯಿತು.

ಮಧ್ಯಾಹ್ನ ಗುಡುಗು ಶುರುವಾದರೆ ಕೋಲು ಬದಿಗಿಟ್ಟು ಕೆಳಗಿಳಿಯಿರಿ. ಗ್ರಾಫೈಟ್ ಕೋಲು ಮಿಂಚನ್ನು ಕರೆದ ಹಾಗೆ.

ಜೀವಜಾಲ:
ನನ್ನದು ಸ್ವಲ್ಪ ಬೇರೆ ಮಾತು, ಬೇಜಾರಾಗಬೇಡಿ. ಟ್ರೌಟ್ ಹಿಮಾಲಯದ ಮೀನಲ್ಲ. 1900ರಲ್ಲಿ ಸ್ಕಾಟ್ಲೆಂಡಿಂದ ಮೊಟ್ಟೆ ತಂದು ಕಾಶ್ಮೀರದಲ್ಲಿ ಮರಿ ಮಾಡಿದರು. ಅದಕ್ಕೂ ಒಂದು ವರ್ಷ ಮುಂಚೆ ಹಡಗಲ್ಲಿ ಬಂದ ಮೊಟ್ಟೆಗಳು ದಾರಿಯಲ್ಲೇ ಹಾಳಾಗಿದ್ದವು. ಕಾಶ್ಮೀರದಿಂದ 1909ರಲ್ಲಿ ಕುಲ್ಲು ಕಣಿವೆಗೆ, ಕಟ್ರಾಯಿ ಹತ್ತಿರದ ಮಹಿಲಿಗೆ ಬಂತು. ನಮ್ಮ ಪಕ್ಕದ ನೀಲಗಿರಿಯಲ್ಲಿ ಅವಲಾಂಚ್ ಅನ್ನುವ ಜಾಗದ ಮೀನುಮರಿ ಕೇಂದ್ರ 1907ರದು, ಅಲ್ಲಿ ಕಾಮನಬಿಲ್ಲು ಟ್ರೌಟ್. ಅದರ ಮೂಲ ಅಮೆರಿಕದ ಪಶ್ಚಿಮ ಕರಾವಳಿಯ ಹೊಳೆಗಳು. ಬ್ರಿಟಿಷರಿಗೆ ತಮ್ಮೂರಿನ ಆಟ ಇಲ್ಲೂ ಬೇಕಿತ್ತು, ಅದಕ್ಕೆ ತಂದರು.

ಹಿಮಾಲಯದ ಹೊಳೆಗಳಲ್ಲಿ ಮೊದಲಿಂದ ಇದ್ದದ್ದು ಶೈಜೊಥೊರಾಕ್ಸ್ ಜಾತಿಯ ಮೀನು. ಸ್ನೋ ಟ್ರೌಟ್ ಅಂತ ಕರೆದರೂ ಅದು ಟ್ರೌಟ್ ಅಲ್ಲ, ನಮ್ಮ ಗೆಂಡೆ ಮೀನಿನ ಬಳಗ. ಕಲ್ಲಿನ ಪಾಚಿ ಕೆರೆದು ತಿನ್ನುವ ಸಾಧು ಮೀನು. ಕಂದು ಟ್ರೌಟ್ ಅದರ ಮರಿಗಳನ್ನು ತಿನ್ನುತ್ತದೆ. ಹಾಗಾಗಿ ಟ್ರೌಟ್ ಹಿಡಿದು ಬಿಡುವುದೇ ದೊಡ್ಡ ಪುಣ್ಯ ಅನ್ನುವ ಹಾಗೆ ಮಾತಾಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನಿಯಮದೊಳಗೆ ಒಂದೆರಡು ತಿಂದರೆ ಏನೂ ತಪ್ಪಿಲ್ಲ. ಆ ಸ್ಥಳೀಯ ಮೀನು ಸಿಕ್ಕರೆ ಮಾತ್ರ ತಕ್ಷಣ ಬಿಡಿ. ಗುರುತು ಸುಲಭ: ಬಾಯಿ ತಲೆಯ ಕೆಳಗಡೆ ಇರುತ್ತದೆ, ಮೀಸೆ ಇರುತ್ತದೆ. ಟ್ರೌಟ್‌ಗೆ ಮೀಸೆ ಇಲ್ಲ. ಟ್ರೌಟ್‌ನ ಬೆನ್ನ ಮೇಲೆ ಬಾಲದ ಹತ್ತಿರ ಒಂದು ಸಣ್ಣ ಮಾಂಸದ ರೆಕ್ಕೆ ಇರುತ್ತದೆ.

ಕೊಡಗಿನಗಾಳ:
ಜೀವಜಾಲ ಅವರೇ, ಇತಿಹಾಸ ಒಪ್ಪುತ್ತೇನೆ. ಆದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಆ ನೀರಲ್ಲಿ ಮರಿ ಮಾಡಿಕೊಂಡು ಬಂದಿರುವ ಮೀನನ್ನು ಇನ್ನೂ ಹೊರಗಿನದು ಅಂತ ಎಷ್ಟು ದಿನ ಹೇಳುವುದು? ಮತ್ತೆ, ಆ ಮೀನಿಂದ ಕಣಿವೆಗೆ ಒಂದು ಲಾಭ ಆಗಿದೆ. ತೀರ್ಥನ್ ಮೇಲೆ ಸಣ್ಣ ಸಣ್ಣ ಜಲವಿದ್ಯುತ್ ಯೋಜನೆ ಬರಬೇಕಿತ್ತು. ಬಂಜಾರ್‌ನ ಮಾಜಿ ಶಾಸಕ ದಿಲೇರಾಮ್ ಶಬಾಬ್ ಮತ್ತು ಊರಿನವರು ಕೋರ್ಟಿನವರೆಗೂ ಹೋಗಿ ತಡೆದರು. ಹೊಳೆ ಕಟ್ಟೆ ಇಲ್ಲದೆ ಹರಿಯಬೇಕು ಅನ್ನುವುದಕ್ಕೆ ಟ್ರೌಟ್ ಕೂಡ ಒಂದು ವಾದವಾಗಿತ್ತು. ಆಸುಪಾಸಿನ ಹೊಳೆಗಳನ್ನು ನೋಡಿ. ಸೈಂಜ್, ಪಾರ್ವತಿ, ಬಿಯಾಸ್, ಎಲ್ಲದರ ಮೇಲೂ ಯೋಜನೆ.

ನಾನು ಪೂರ್ತಿ ಬಿಡುವವನು. ಆ ಕಣಿವೆಯಲ್ಲಿ ವಾರಕ್ಕೆ ಐವತ್ತು ಜನ ಬಂದು ತಲಾ ಎರಡು ತಿಂದರೆ ಏನು ಉಳಿಯುತ್ತದೆ? ತಿನ್ನೋಕೆ ಫಾರ್ಮ್ ಮೀನು ಸಿಗುತ್ತದೆ, ಅದನ್ನು ಸಾಕುವ ಮನೆಗಳಿವೆ. ದುಡ್ಡು ಕೊಟ್ಟು ತಗೊಳ್ಳಿ, ಅವರಿಗೂ ಅನುಕೂಲ.

ಜೀವಜಾಲ:
ಹೊಳೆ ಉಳಿಸಿದ ವಿಷಯ ನಿಜ, ಆ ಒಂದು ಕಾರಣಕ್ಕೆ ನಾನೂ ಟ್ರೌಟ್ ಪರ. ಫಾರ್ಮ್ ಮೀನಿನ ಮಾತೂ ಸರಿ. ಉಳಿದದ್ದರಲ್ಲಿ ನಮ್ಮಿಬ್ಬರ ದಾರಿ ಬೇರೆ ಬೇರೆ ಇರಲಿ.

ಹೊಳೆದಂಡೆ_ಡಾಕ್ಟರ್:
ಸಾಮಾನು ಪಟ್ಟಿಗೆ ಮೊದಲು ಜೀವದ ವಿಷಯ. 2014ರ ಜೂನ್‌ನಲ್ಲಿ ಲಾರ್ಜಿ ಅಣೆಕಟ್ಟಿನ ಕೆಳಗೆ ಬಿಯಾಸ್‌ನಲ್ಲಿ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿ ಹೋದರು. ಕಲ್ಲಿನ ಮೇಲೆ ನಿಂತು ಫೋಟೊ ತೆಗೆಯುತ್ತಿದ್ದ ಮಕ್ಕಳು. ಮೇಲಿಂದ ನೀರು ಬಿಟ್ಟರು, ನೋಡು ನೋಡುತ್ತಿದ್ದಂತೆ ಹೊಳೆ ಏರಿತು. ನೀವು ಹೋಗುವ ದಾರಿಯಲ್ಲೇ ಆ ಜಾಗ ಇದೆ. ಬಿಯಾಸ್‌ಗೆ, ಸೈಂಜ್‌ಗೆ ಇಳಿಯಲೇಬೇಡಿ. ತೀರ್ಥನ್‌ಗೆ ಕಟ್ಟೆ ಇಲ್ಲ, ಆದರೂ ಮೇಲೆ ಮಳೆಯಾದರೆ ಹೊಳೆ ಏರುತ್ತದೆ. ಒಂದು ಕಲ್ಲು ಗುರುತು ಇಟ್ಟುಕೊಳ್ಳಿ. ನೀರು ಆ ಗುರುತು ಮುಟ್ಟಿದರೆ, ಅಥವಾ ತಿಳಿ ಇದ್ದದ್ದು ಇದ್ದಕ್ಕಿದ್ದಂತೆ ಕದಡಿದರೆ, ಸೊಪ್ಪು ಸದೆ ತೇಲಿ ಬಂದರೆ, ಗಾಳ ಅಲ್ಲೇ ಬಿಟ್ಟು ಮೇಲೆ ಬನ್ನಿ.

ಮಂಡಿ ನೋವಿರುವವರು ನೀರಿಗೆ ಇಳಿಯುವುದು ಬೇಡ. ಆ ಕಲ್ಲುಗಳ ಮೇಲೆ ಪಾಚಿ ಎಣ್ಣೆ ಹಚ್ಚಿದ ಹಾಗಿರುತ್ತದೆ. ತೀರ್ಥನ್ ಅಗಲದ ಹೊಳೆಯಲ್ಲ, ದಡದಿಂದಲೇ ಬೇಕಾದಷ್ಟು ಜಾಗ ಸಿಗುತ್ತದೆ. ಕೈಗೆ ಒಂದು ಊರುಗೋಲು ಕೊಡಿ. ಮಗನಿಗೆ ಕಣ್ಣಿಗೆ ಕನ್ನಡಕ ಕಡ್ಡಾಯ, ಗಾಳದ ಮುಳ್ಳು ಯಾವ ಕಡೆಯಿಂದ ಹಾರಿ ಬರುತ್ತದೆ ಅಂತ ಗೊತ್ತಾಗುವುದಿಲ್ಲ. ಪೋಲರೈಸ್ಡ್ ಕನ್ನಡಕ ತಗೊಂಡರೆ ನೀರಿನ ಹೊಳಪು ಹೋಗಿ ಒಳಗಿನ ಮೀನೂ ಕಾಣುತ್ತದೆ.

ತುಂಗೆತೀರ:
ಡಾಕ್ಟ್ರೇ, ಇದನ್ನು ಮನೆಯವರಿಗೆಲ್ಲ ಓದಿಸಿದೆ. ಟಿಕೆಟ್ ದಸರಾ ರಜೆಗೆ ಮಾಡಿಸಿದೆ. ಐದು ರಾತ್ರಿ ಗುಶೈನಿ ಹತ್ತಿರ, ಮನಾಲಿ ಇಲ್ಲ. ಈಗ ಸಾಮಾನು ಹೇಳಿ. ಅಪ್ಪ ಬಿದಿರಿನ ಕೋಲು ತಗೊಂಡು ಹೋಗಲಾ ಅಂತಿದ್ದಾರೆ.

ಕೊಡಗಿನಗಾಳ:
ಬಿದಿರು ವಿಮಾನದಲ್ಲಿ ಕಷ್ಟ. ಆರೂವರೆ ಅಡಿಯ ಹಗುರ ಸ್ಪಿನ್ನಿಂಗ್ ಕೋಲು ತಗೊಳ್ಳಿ, ಎರಡು ಮೂರು ತುಂಡಾಗುವಂಥದ್ದು. ರೀಲು 2000 ಸೈಜಿನದು ಸಾಕು. ನೂಲು ಆರು ಪೌಂಡಿನದು, ಅಂದರೆ ಅಷ್ಟು ಎಳೆತ ತಡೆಯುವಂಥದ್ದು, ಅಕ್ಟೋಬರ್‌ನ ತಿಳಿ ನೀರಿಗೆ ನಾಲ್ಕು ಪೌಂಡಿನದೂ ಒಂದು ಸುರುಳಿ ಇರಲಿ. ದಪ್ಪ ನೂಲು ಮೀನಿಗೆ ಹಗ್ಗದ ಹಾಗೆ ಕಾಣುತ್ತದೆ. ಸ್ಪಿನ್ನರ್ ನಂಬರ್ 1 ಮತ್ತು 2. ಸ್ಪಿನ್ನರ್ ಅಂದರೆ ಎಳೆದಾಗ ಗಿರಗಿರ ತಿರುಗುವ ಪುಟ್ಟ ತಗಡಿನ ಎಲೆ, ಹಿಂದೆ ಗಾಳ. ಅದಕ್ಕೆ ಮೂರು ಮುಳ್ಳಿನ ಗಾಳ ಬರುತ್ತದೆ. ಅದನ್ನು ತೆಗೆದು ಒಂದೇ ಮುಳ್ಳಿನದು ಹಾಕಿ, ಕೊಕ್ಕೆಯ ಒಳಹಲ್ಲನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನು ಬಿಡುವಾಗ ಎರಡೇ ಕ್ಷಣದಲ್ಲಿ ಕಳಚುತ್ತದೆ. ಗಾಳ, ಇಕ್ಕುಳ, ಚಾಕು ಎಲ್ಲ ಚೆಕ್-ಇನ್ ಚೀಲದಲ್ಲಿ, ಕೈಚೀಲದಲ್ಲಿ ಹಾಕಿದರೆ ಏರ್‌ಪೋರ್ಟಲ್ಲಿ ತೆಗೆಸುತ್ತಾರೆ.

ಹುಳದ ಹಾಗೆ ಕಟ್ಟಿದ ಹಗುರ ಗಾಳ ಎಸೆಯುವ ಫ್ಲೈ ಕೋಲು ಈ ಸಲ ಬೇಡ. ಅದರಲ್ಲಿ ಎಸೆಯುವುದು ಕಲಿಯಲು ಒಂದು ಮೈದಾನ ಮತ್ತು ಒಂದು ತಿಂಗಳು ಬೇಕು.

ಇನ್ನು ಹೊಳೆ ಓದುವುದು. ಇದನ್ನು ನಿಮ್ಮಪ್ಪನಿಗೆ ಹೇಳಿಕೊಡಬೇಕಾಗಿಲ್ಲ ಅನ್ನಿಸುತ್ತದೆ, ಆದರೂ ಹೇಳುತ್ತೇನೆ. ಟ್ರೌಟ್ ತಲೆ ಯಾವಾಗಲೂ ನೀರು ಬರುವ ಕಡೆ. ಅದಕ್ಕೆ ಹಿಂದೆ ಕಾಣುವುದಿಲ್ಲ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ನಡೆಯಿರಿ. ದೊಡ್ಡ ಬಂಡೆಯ ಹಿಂದೆ ನೀರು ನಿಧಾನವಾಗುತ್ತದೆ, ಪಕ್ಕದಲ್ಲಿ ಜೋರಾಗಿ ಹರಿಯುತ್ತದೆ. ಇವೆರಡೂ ಸೇರುವ ಕಡೆ ನೊರೆಯ ಗೆರೆ ಕಾಣುತ್ತದೆ. ಮೀನು ನಿಧಾನದ ನೀರಲ್ಲಿ ನಿಂತು, ಜೋರು ನೀರು ಹೊತ್ತು ತರುವ ಹುಳವನ್ನು ಹಾಗೇ ಮುಖ ಹೊರಳಿಸಿ ತಿನ್ನುತ್ತದೆ. ಗೆರೆಯಿಂದ ನಾಲ್ಕು ಅಡಿ ಮೇಲೆ ಎಸೆದು, ನೀರಿಗಿಂತ ಸ್ವಲ್ಪ ಜೋರಾಗಿ ಸುತ್ತಿಕೊಳ್ಳಿ. ಒಂದು ಜಾಗದಲ್ಲಿ ಐದಾರು ಸಲ ಎಸೆದು ಆಗಲಿಲ್ಲ ಅಂದರೆ ಮುಂದಿನ ಬಂಡೆ. ನೆರಳು ನೀರಿಗೆ ಬೀಳಬಾರದು, ಕಲ್ಲು ಉರುಳಬಾರದು. ಕೆಂಪು ಅಂಗಿ ಬೇಡ.

ಹಿಮದಹಾದಿ:
ಇನ್ನೊಂದು. ಗುಶೈನಿಯಿಂದ ಮೇಲೆ ನಡೆದರೆ ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್ ಬರುತ್ತದೆ. 2014ರಿಂದ ವಿಶ್ವ ಪರಂಪರೆಯ ತಾಣ. ಗಾಳ ಎಲ್ಲ ಪಾರ್ಕ್ ಗಡಿಯ ಹೊರಗೇ ಇರಲಿ. ಒಳಗೆ ಹೋಗುವುದಾದರೆ ಪರ್ಮಿಟ್ ಮಾಡಿಸಿ, ಬರಿಗೈಯಲ್ಲಿ ಹೋಗಿ. ಅಕ್ಟೋಬರ್ ಕೊನೆಗೆ ಜಲ್ಲಿಯಲ್ಲಿ ಸುತ್ತಲಿನದಕ್ಕಿಂತ ತೊಳೆದ ಹಾಗೆ ಬೆಳ್ಳಗೆ ಕಾಣುವ ಗುಳಿ ಕಂಡರೆ ಅದರ ಮೇಲೆ ಕಾಲಿಡಬೇಡಿ, ಅಲ್ಲಿ ಜೋಡಿ ಮೀನಿದ್ದರೆ ಗಾಳವನ್ನೂ ಹಾಕಬೇಡಿ.

ತುಂಗೆತೀರ:
ಹೋಗಿ ಬಂದೆವು! ಮೊನ್ನೆ ರಾತ್ರಿ ತಲುಪಿದೆವು. ಇಷ್ಟು ಜನ ಇಷ್ಟು ಪ್ರೀತಿಯಿಂದ ಹೇಳಿದ್ದಕ್ಕೆ ಪೂರ್ತಿ ವರದಿ ಬರೆಯಲೇಬೇಕು.

ಲೈಸೆನ್ಸ್ ಮೊದಲ ದಿನ ಬೆಳಗ್ಗೆಯೇ ಮಾಡಿಸಿದೆವು. ಹೊಳೆ ನೀವು ಹೇಳಿದ ಹಾಗೇ ಇತ್ತು. ಸೊಂಟದಷ್ಟು ಆಳದ ಗುಂಡಿಯಲ್ಲೂ ತಳದ ಒಂದೊಂದು ಕಲ್ಲು ಎಣಿಸಬಹುದು. ಅಪ್ಪ ದಡದಲ್ಲಿ ನಿಂತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಬಗ್ಗಿ ಕೈ ಅದ್ದಿದರು, ಥಟ್ಟನೆ ತೆಗೆದರು. ಅಷ್ಟು ಕೊರೆಯುತ್ತಿತ್ತು.

ಮೊದಲ ದಿನ ಒಂದೂ ಇಲ್ಲ. ಎರಡು ಸ್ಪಿನ್ನರ್ ಕಲ್ಲಿಗೆ ಸಿಕ್ಕಿ ಹೋದವು. ಅಪ್ಪನಿಗೆ ರೀಲು ಅಭ್ಯಾಸವಾಗಲು ಮಧ್ಯಾಹ್ನವಾಯಿತು. ಸಂಜೆ ಹೋಮ್‌ಸ್ಟೇಯ ಅಜ್ಜ ಬಂದು ಪಕ್ಕ ಕೂತರು. ಅವರಿಗೆ ಕನ್ನಡ ಬರಲ್ಲ, ಅಪ್ಪನಿಗೆ ಹಿಂದಿ ಬರಲ್ಲ. ಇಬ್ಬರೂ ಗಾಳ ತೋರಿಸಿಕೊಂಡು, ಗಂಟು ಹಾಕಿ ತೋರಿಸಿಕೊಂಡು ಒಂದು ಗಂಟೆ ಕಳೆದರು. ಅಪ್ಪ ನೂಲನ್ನು ಐದು ಸುತ್ತು ಸುತ್ತಿ, ಎಂಜಲಲ್ಲಿ ಒದ್ದೆ ಮಾಡಿ, ನಿಧಾನಕ್ಕೆ ಬಿಗಿದರು. ಒಣ ನೂಲು ಬಿಗಿದರೆ ಬಿಸಿಯಾಗಿ ಸವೆಯುತ್ತದೆ ಅಂತ. ಆ ಅಜ್ಜನೂ ಹಾಗೇ ಮಾಡುವುದಂತೆ.

ಎರಡನೇ ದಿನ ಹನ್ನೊಂದು ಗಂಟೆ ಹೊತ್ತಿಗೆ ಪಕ್ಕದ ಹಳ್ಳ ಬಂದು ತೀರ್ಥನ್‌ಗೆ ಸೇರುವ ಕಡೆ ಹೋದೆವು. ಅಲ್ಲೊಂದು ಎಮ್ಮೆಯಷ್ಟು ದೊಡ್ಡ ಬಂಡೆ. ಅಪ್ಪ ನನ್ನನ್ನೂ ಮಗನನ್ನೂ ಹಿಂದೆ ನಿಲ್ಲಿಸಿ, ಊರುಗೋಲು ಊರಿ, ಬಗ್ಗಿಕೊಂಡೇ ಮುಂದೆ ಹೋದರು. ಹತ್ತುಮೀನಿನ ರಾತ್ರಿಗಳಲ್ಲಿ ಹೀಗೇ ನಡೆಯುತ್ತಿದ್ದರು, ಹಿಮ್ಮಡಿ ಮೊದಲು ಇಟ್ಟು, ಆಮೇಲೆ ಬೆರಳು. ನಾಲ್ಕನೇ ಎಸೆತಕ್ಕೆ ಕೋಲು ಬಾಗಿತು.

ಕಂದು ಟ್ರೌಟ್, ಒಂಬತ್ತು ಇಂಚು ಇರಬಹುದು. ವೀಡಿಯೊದಲ್ಲಿ ಆ ಬಣ್ಣ ಕಾಣುವುದೇ ಇಲ್ಲ. ಹೊಟ್ಟೆ ಬೆಣ್ಣೆ ಕಾಸಿದ ಹಳದಿ. ಬೆನ್ನ ಮೇಲೆ ಕಪ್ಪು ಚುಕ್ಕೆ. ಪಕ್ಕದಲ್ಲಿ ಕುಂಕುಮ ಇಟ್ಟ ಹಾಗೆ ಕೆಂಪು ಚುಕ್ಕೆ, ಒಂದೊಂದರ ಸುತ್ತ ಒಂದು ಬಿಳಿ ಬಳೆ. ಮಗ ಒಂದು ಪಕ್ಕದಲ್ಲಿ ಹದಿನಾಲ್ಕು ಕೆಂಪು ಚುಕ್ಕೆ ಎಣಿಸಿದ. ಅಪ್ಪ ಮೊದಲು ಕೈ ಒದ್ದೆ ಮಾಡಿಕೊಂಡರು. ಒಣ ಕೈಯಲ್ಲಿ ಹಿಡಿದರೆ ಲೋಳೆ ಹೋಗಿ ಮೀನಿಗೆ ಕಾಯಿಲೆ ಬರುತ್ತದೆ ಅಂತ ನಾನು ಹೇಳುವ ಮೊದಲೇ. ನೀರಲ್ಲೇ ಇಟ್ಟು ಕೊಕ್ಕೆ ಕಳಚಿ, ತಲೆ ನೀರು ಬರುವ ಕಡೆ ಮಾಡಿ ಹಿಡಿದರು. ಕಿವಿರು ಎರಡು ಮೂರು ಸಲ ಆಡಿತು. ಆಮೇಲೆ ಕೈಯಿಂದ ಜಾರಿತು.

ಬಿಡಿ ಅಂತ ನಾನು ಹೇಳಿರಲಿಲ್ಲ. ನಿಯಮದ ಪ್ರಕಾರ ಅಷ್ಟುದ್ದದ್ದು ಬಿಡಲೇಬೇಕಿತ್ತು, ಆದರೆ ಅಪ್ಪ ಅಳೆಯಲೂ ಇಲ್ಲ. ಸಂಜೆ ಕೇಳಿದೆ. "ಮೊಟ್ಟೆ ಇಡಲು ಹತ್ತಬೇಕಲ್ಲ ಅದು ಇನ್ನು" ಅಂದರು. ಸ್ವಲ್ಪ ಹೊತ್ತು ಬಿಟ್ಟು, ನಮ್ಮ ಹಳ್ಳದಲ್ಲಿ ಮೊಟ್ಟೆ ತುಂಬಿದ ಮೀನನ್ನು ಎಷ್ಟು ಹಿಡಿದಿದ್ದೇವೆ, ಈಗ ಹತ್ತುಮೀನೇ ಇಲ್ಲ ಅಂತ ಎಲ್ಲರೂ ಹೇಳುತ್ತೇವೆ ಅಂದರು. ಗದ್ದೆಗೆ ಹೊಡೆಯುವ ಔಷಧಿಯೂ ಕಾರಣ, ಕಿಂಡಿ ಅಣೆಕಟ್ಟೂ ಕಾರಣ, ನಾವೂ ಕಾರಣ ಅಂದರು. ಮುಂದಿನ ಮಳೆಗೆ ಊರಿನ ಹುಡುಗರಿಗೆ, ಮೊದಲ ಎರಡು ರಾತ್ರಿ ಹಳ್ಳಕ್ಕೆ ಮೀನು ಹಿಡಿಯುವ ಕೂಣಿ ಇಡಬೇಡಿ ಅಂತ ಹೇಳಿ ನೋಡುತ್ತಾರಂತೆ. ಕೇಳುತ್ತಾರೋ ಇಲ್ಲವೋ, ಹೇಳುವುದಂತೂ ಗಟ್ಟಿ.

ಐದು ದಿನಕ್ಕೆ ಒಟ್ಟು ಏಳು ಮೀನು ಸಿಕ್ಕಿತು. ಅಪ್ಪನಿಗೆ ನಾಲ್ಕು, ಮಗನಿಗೆ ಎರಡು, ನನಗೆ ಒಂದು. ಎಲ್ಲ ಬಿಟ್ಟೆವು. ತಿಂದದ್ದು ಫಾರ್ಮ್‌ನ ಕಾಮನಬಿಲ್ಲು ಟ್ರೌಟ್. ಮನೆಯ ಅಜ್ಜಿ ಸಾಸಿವೆ ಎಣ್ಣೆಯಲ್ಲಿ ಕರಿದು ಕೊಟ್ಟರು. ಮುಳ್ಳು ಕಡಿಮೆ, ರುಚಿ ಮೃದು. ಅಪ್ಪ ಚೀಲದಲ್ಲಿ ಒಣಗಿಸಿದ ವಾಟೆಹುಳಿ ತಂದಿದ್ದರು, ಮರುದಿನ ಅಜ್ಜಿ ಹತ್ತಿರ ಕೇಳಿಕೊಂಡು ನಾನೇ ಹುಳಿ ಸಾರು ಮಾಡಿದೆ. ಅಜ್ಜಿ ಎರಡು ಸಲ ಬಡಿಸಿಕೊಂಡರು. ಉಳಿದ ವಾಟೆಹುಳಿ ಅಲ್ಲೇ ಕೊಟ್ಟು ಬಂದೆವು.

ಸೆರೋಲ್ಸರ್‌ಗೆ ನಾನೂ ಮಗನೂ ಹೋಗಿ ಬಂದೆವು. ಅಪ್ಪ ಜಲೋರಿ ಪಾಸ್ ಮೇಲೆ ಚಹಾ ಅಂಗಡಿಯಲ್ಲಿ ಬಿಸಿಲು ಕಾಯಿಸಿಕೊಂಡು ಕೂತಿದ್ದರು. ನೀರಿನ ಮೇಲೆ ಒಂದೂ ಎಲೆ ಇರಲಿಲ್ಲ, ನಿಜವಾಗಿಯೂ.

ಘಟ್ಟದಾಚೆ:
ಓದಿ ಕಣ್ಣು ತುಂಬಿತು ಅಕ್ಕ. ಮುಂದಿನ ಏಪ್ರಿಲ್‌ಗೆ ನಾನೂ ಹೊರಟೆ. ಯಾವ ಸ್ಪಿನ್ನರ್‌ಗೆ ಕಚ್ಚಿತು ಅಂತ ಹೇಳಿಬಿಡಿ.

ತುಂಗೆತೀರ:
ನಂಬರ್ 1, ತಾಮ್ರದ ಬಣ್ಣದ್ದು, ಏಳರಲ್ಲಿ ಆರು ಅದಕ್ಕೇ. ಬೆಳ್ಳಿ ಬಣ್ಣದ್ದಕ್ಕೆ ಹಿಂದೆ ಬಂದು ನೋಡಿ ವಾಪಸ್ ಹೋಗುತ್ತಿದ್ದವು. ನೂಲು ನಾಲ್ಕು ಪೌಂಡಿನದು. ಸ್ಪಿನ್ನರ್‌ಗಳು ಕಲ್ಲಿಗೆ ಸಿಕ್ಕಿ ಜಾಸ್ತಿ ಹೋಗುತ್ತವೆ, ಆರಾದರೂ ಇಟ್ಟುಕೊಳ್ಳಿ, ಅಲ್ಲಿ ಅಂಗಡಿಯಲ್ಲಿ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಹೋಮ್‌ಸ್ಟೇ ಅಜ್ಜನ ನಂಬರ್ ಅವರನ್ನು ಕೇಳಿ ನಿಮಗೆ ಮೆಸೇಜಲ್ಲಿ ಕಳಿಸುತ್ತೇನೆ. ಹೋಗುವಾಗ ಹೇಳಿ, ಅಪ್ಪ ಆ ಅಜ್ಜನಿಗೆ ಒಂದು ಬಿದಿರಿನ ಕೋಲು ಮಾಡುತ್ತಿದ್ದಾರೆ. ಮೂರು ತುಂಡಾಗಿ ಬಿಚ್ಚುವ ಹಾಗೆ.